ಅಮ್ಮ ಸುತ್ತಿದ ವೈರು

ನನ್ನ ಲ್ಯಾಪ್‌ಟಾಪಿನ ಚಾರ್ಜರ್ ಮಾಡಿದ ಪುಣ್ಯಾತ್ಮ ಯಾರೋ, ಅವನು ಒಂದು ದಿನವಾದರೂ ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ್ದಾನೆಯೇ ಎಂದು ಕೇಳಬೇಕು. ಹತ್ತಿರಲಿಕ್ಕಿಲ್ಲ. ಲ್ಯಾಪ್‌ಟಾಪನ್ನೇನೋ ವರ್ಷದಿಂದ ವರ್ಷಕ್ಕೆ ತೆಳ್ಳಗೆ ಮಾಡುತ್ತಾರೆ, ಎರಡು ಬೆರಳಲ್ಲಿ ಎತ್ತಬಹುದು ಎಂದು ಜಾಹೀರಾತು ಕೊಡುತ್ತಾರೆ. ಅದರಿಂದ ತೆಗೆದ ಭಾರವನ್ನೆಲ್ಲ ಒಂದು ಕಪ್ಪು ಡಬ್ಬಿಗೆ ತುಂಬಿ ವೈರಿನ ನಟ್ಟನಡುವೆ ನೇತುಹಾಕುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಇಟ್ಟಿಗೆ ಎಂದೇ ಹೆಸರು. ಇಟ್ಟಿಗೆಯ ಒಂದು ಕಡೆ ಕಿರುಬೆರಳು ದಪ್ಪದ ವೈರು, ಅದರ ತುದಿಗೆ ಪಕ್ಕದ ಸಾಕೆಟ್ಟನ್ನೂ ಮುಚ್ಚಿಕೊಂಡು ಕೂರುವ ಪ್ಲಗ್ಗು. ಇನ್ನೊಂದು ಕಡೆ ಎರಡು ಮಾರು ಸಣಕಲು ವೈರು, ಅದರ ತುದಿಗೆ ಲ್ಯಾಪ್‌ಟಾಪಿಗೆ ಚುಚ್ಚುವ ಪಿನ್ನು. ಆ ಪಿನ್ನಿನ ಹಿಂದೆ ವೈರು ಸೇರುವ ಜಾಗಕ್ಕೆ ನಾನು ಕುತ್ತಿಗೆ ಎನ್ನುತ್ತೇನೆ. ಸಾಯುವುದು ಯಾವಾಗಲೂ ಅಲ್ಲೇ.

ಎರಡು ವರ್ಷದಲ್ಲಿ ಮೂರು ಚಾರ್ಜರ್ ಸತ್ತಿವೆ. ಮೂರನ್ನೂ ಕೊಂದವಳು ನನ್ನ ಅಮ್ಮ.

ಅಮ್ಮ ಇಪ್ಪತ್ತೆಂಟು ವರ್ಷ ನೂಲಿನ ಮಿಲ್ಲಿನಲ್ಲಿ ಬಾಬಿನ್ನಿಗೆ ನೂಲು ಸುತ್ತಿದವಳು. ಸಡಿಲವಾಗಿ ಬಿದ್ದ ದಾರ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಪರದೆಯ ಹಗ್ಗ, ಇಸ್ತ್ರಿಪೆಟ್ಟಿಗೆಯ ವೈರು, ಮೊಮ್ಮಕ್ಕಳ ಗಾಳಿಪಟದ ದಾರ, ಏನೇ ಇರಲಿ, ಎಳೆಯ ಪಕ್ಕ ಎಳೆ ಕೂರಿಸಿ ಬಿಗಿಯಾಗಿ ಸುತ್ತಿ, ಕೊನೆಯ ತುದಿಯನ್ನು ಕಡೇ ಸುತ್ತಿನ ಕೆಳಗೆ ತೂರಿಸಿ ಒಮ್ಮೆ ಜಗ್ಗಿಬಿಡುತ್ತಾಳೆ. ಮಿಲ್ಲಿನಲ್ಲಿ ಅವಳಿಗೆ ಬಿಗಿಗೈ ಎಂದೇ ಅಡ್ಡಹೆಸರು. ಹೊರಗಿನವರು ಕೇಳಿದರೆ ಜಿಪುಣಿ ಅಂದುಕೊಳ್ಳುತ್ತಾರೆ, ಒಳಗೆ ಅದು ಬಿರುದು. ನೂಲಿಗೆ ಆ ಕಡೇ ಜಗ್ಗು ಒಳ್ಳೆಯದಂತೆ. ಚಾರ್ಜರಿಗೆ ಅದೇ ನೇಣು. ತೂರಿಸಿ ಜಗ್ಗಿದ ತುದಿಯಲ್ಲಿ ಕುತ್ತಿಗೆ ಮಡಚಿಕೊಳ್ಳುತ್ತದೆ, ಒಳಗಿನ ತಂತಿ ಒಂದೊಂದೇ ಎಳೆಯಾಗಿ ಕಡಿಯುತ್ತದೆ, ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

"ಅಮ್ಮ, ನನ್ನ ಚಾರ್ಜರ್ ಮುಟ್ಟಬೇಡ," ಎಂದು ನಾನು ಬಾಯಲ್ಲಿ ಹೇಳಿದ್ದೇನೆ, ಬರೆದು ತೋರಿಸಿದ್ದೇನೆ, ಇಟ್ಟಿಗೆಯ ಮೇಲೇ ಚೀಟಿ ಅಂಟಿಸಿದ್ದೇನೆ. ಅವಳು ಚೀಟಿಯ ಮೇಲೇ ಸುತ್ತಿದಳು.

ಬರೆದು ತೋರಿಸುವುದೇಕೆಂದರೆ ಅಮ್ಮನಿಗೆ ಕಿವಿ ಕೇಳುವುದಿಲ್ಲ. ಮಿಲ್ಲಿನ ಯಂತ್ರಗಳ ಸದ್ದು ತಿಂದುಹಾಕಿತು. ನನ್ನ ತುಟಿ ನೋಡಿ ಸಣ್ಣ ಮಾತು ಹಿಡಿಯುತ್ತಾಳೆ, ಉದ್ದದ ಮಾತಾದರೆ ಬರೆಯಬೇಕು. ನಾನು ಈ ಕೆಲಸಕ್ಕೆ ಬಂದದ್ದೂ ಹಾಗೆಯೇ. ಸಭೆಯಲ್ಲೋ ತರಗತಿಯಲ್ಲೋ ಯಾರಾದರೂ ಮಾತಾಡುತ್ತಿದ್ದರೆ ಅವರ ಮಾತನ್ನು ಆ ಕ್ಷಣದಲ್ಲೇ ಟೈಪ್ ಮಾಡಿ ಕಿವಿ ಕೇಳದವರಿಗಾಗಿ ಪರದೆಯ ಮೇಲೆ ಬಿಡುವುದು ನನ್ನ ಕಸುಬು. ಕೇಳಿದವರೆಲ್ಲ "ಎಲ್ಲ ನಿಮಗೆ ನೆನಪಿರುತ್ತಾ?" ಎಂದು ಬೆರಗಾಗುತ್ತಾರೆ. ಒಂದಕ್ಷರವೂ ಇರುವುದಿಲ್ಲ. ಮಾತು ಕಿವಿಯಲ್ಲಿ ಹೊಕ್ಕು ಬೆರಳಲ್ಲಿ ಹೊರಟುಹೋಗುತ್ತದೆ, ನಡುವೆ ತಲೆಯಲ್ಲಿ ನಿಲ್ಲುವುದಿಲ್ಲ. ನಿಂತರೆ ಮುಂದಿನ ಮಾತು ತಪ್ಪುತ್ತದೆ.

ಆ ಭಾನುವಾರ ಮಿಲ್ಲಿನ ಹಳೆಯ ಹೆಂಗಸರ ಕೂಟವಿತ್ತು. ನೂಲು ಸುತ್ತುವ ವಿಭಾಗ ಮುಚ್ಚಿ ಹತ್ತೊಂಬತ್ತು ವರ್ಷವಾಗಿತ್ತು. ವರ್ಷಾ ವರ್ಷಾ ಕೂಟ ನಡೆಯುತ್ತದೆ, ಅಮ್ಮ ಒಂದಕ್ಕೂ ಹೋದವಳಲ್ಲ. "ಮೂವತ್ತು ಜನ ಕಿವುಡಿಯರು ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರೋಕೆ ಹೋಗ್ಬೇಕಾ?" ಎನ್ನುತ್ತಿದ್ದಳು. ಈ ಸಲ ಸಂಘದ ಕಾರ್ಯದರ್ಶಿ ನನ್ನನ್ನು ಕರೆದ. ಗೋಡೆಯ ಮೇಲೆ ದೊಡ್ಡ ಪರದೆ, ಮಾತಾಡಿದ್ದೆಲ್ಲ ಅಕ್ಷರವಾಗಿ ಬರುತ್ತದೆ. ಅಮ್ಮನಿಗೆ ಹೇಳಿದ ದಿನದಿಂದ ಅವಳು ನನ್ನ ಜೀವ ಹಿಂಡಿದಳು.

"ಪ್ರತಿಯೊಂದು ಮಾತೂ ಬರುತ್ತಾ?"

"ಬರುತ್ತೆ."

"ನೀನು ಚಿಕ್ಕದು ಮಾಡಲ್ವಾ? ನಿಮ್ಮಣ್ಣ ಮಾಡ್ತಾನಲ್ಲ, ಡಾಕ್ಟ್ರು ಅರ್ಧ ಗಂಟೆ ಮಾತಾಡಿದ್ರೆ 'ಏನಿಲ್ಲಮ್ಮ, ಚೆನ್ನಾಗಿದೀಯಂತೆ' ಅಂತಾನೆ. ನೀನೂ ಅಷ್ಟೇ, 'ಮನೆಗೆ ಹೋಗಿ ಹೇಳ್ತೀನಿ ಬಿಡು'. ಹತ್ತೊಂಬತ್ತು ವರ್ಷದಿಂದ ಮನೆಗೆ ಬಂದು ಯಾರೂ ಏನೂ ಹೇಳಿಲ್ಲ."

ಮಾತು ಚುಚ್ಚಿತು. ಪೂರ್ತಿ ಬರುತ್ತದೆ ಎಂದು ಆಣೆ ಮಾಡಿದೆ.

ಅಮ್ಮನ ಆತುರ ಯಾಕೆಂದು ನನಗೆ ಗೊತ್ತಿತ್ತು. ಕೂಟದಲ್ಲಿ ಉದ್ದಜಡೆ ಎಂಬ ಅಡ್ಡಹೆಸರಿನವಳು ಮಾತಾಡುವವಳಿದ್ದಳು. ಉದ್ದಜಡೆ ಅಮ್ಮನ ಪಕ್ಕದ ಯಂತ್ರದವಳು, ಇಪ್ಪತ್ತೆರಡು ವರ್ಷದ ಗೆಳತಿ. ಕಡೇ ದಿನ ಅಮ್ಮ ಅವಳ ಯಂತ್ರದ ಹತ್ತಿರ ಹೋಗಿ "ಹೋಗಿ ಬರ್ತೀನಿ ಕಣೇ" ಎಂದಳಂತೆ, ಎರಡು ಸಲ ಹೇಳಿದಳಂತೆ, ಅವಳು ತಿರುಗಿಯೂ ನೋಡಲಿಲ್ಲವಂತೆ. ಅವತ್ತು ನಿಂತ ಮಾತು ನಿಂತೇಹೋಯಿತು. ಉದ್ದಜಡೆಯ ಮನೆ ನಮ್ಮಿಂದ ಹತ್ತು ನಿಮಿಷದ ದಾರಿ. ಆ ಬೀದಿ ತಪ್ಪಿಸಲು ಅಮ್ಮ ಅಷ್ಟೂ ವರ್ಷ ಸುತ್ತುಬಳಸಿ ಮಾರುಕಟ್ಟೆಗೆ ಹೋಗಿದ್ದಾಳೆ. "ಏನು ತಪ್ಪು ಮಾಡಿದ್ದೆ ಅಂತ ಅವಳ ಬಾಯಿಂದಲೇ ತಿಳೀಬೇಕು," ಎಂದು ನನಗೆ ಸಾವಿರ ಸಲ ಹೇಳಿದ್ದಾಳೆ.

ಸಭಾಂಗಣಕ್ಕೆ ಹತ್ತು ಗಂಟೆಗೆ ಹೋದೆವು. ಚೀಲ ತೆರೆದೆ. ನಾನು ಸಡಿಲವಾಗಿ ತುರುಕಿದ್ದ ಚಾರ್ಜರು ಅಚ್ಚುಕಟ್ಟಾಗಿ, ಎಳೆಯ ಪಕ್ಕ ಎಳೆ, ಇಟ್ಟಿಗೆಯ ಮೈಗೆ ಅಂಟಿಕೊಂಡು ಕೂತಿತ್ತು. ತುದಿ ಕಡೇ ಸುತ್ತಿನ ಕೆಳಗೆ.

ನನ್ನ ಮೈಯೆಲ್ಲ ಉರಿದುಹೋಯಿತು.

"ಚೀಲದ ಜಿಪ್ಪು ಹಾಕೋಕೆ ಆಗ್ತಿರಲಿಲ್ಲ," ಎಂದಳು ಅಮ್ಮ, ನನ್ನ ಮುಖ ನೋಡಿಯೇ. "ಅಷ್ಟು ಚೆನ್ನಾಗಿ ಸುತ್ತಿದೀನಿ, ನೋಡು, ಅಂಗೈಯಷ್ಟು ಆಗಿದೆ."

ಬಿಚ್ಚಿ ಚುಚ್ಚಿದೆ. ಲ್ಯಾಪ್‌ಟಾಪಿನ ಪಕ್ಕದ ಪುಟ್ಟ ದೀಪ ಹತ್ತಲಿಲ್ಲ. ಅಲ್ಲಾಡಿಸಿದೆ. ಒಮ್ಮೆ ಮಿಣಕ್ ಎಂದು ಆರಿತು. ಬ್ಯಾಟರಿಯ ಕಥೆ ಮುಗಿದು ವರ್ಷವಾಗಿತ್ತು, ಹೆಚ್ಚೆಂದರೆ ನಾಲ್ಕು ನಿಮಿಷ ತಡೆಯುತ್ತದೆ. ಕೂಟ ಎರಡು ಗಂಟೆ. ಮೂವತ್ತನಾಲ್ಕು ಹೆಂಗಸರು ಆಗಲೇ ಕುರ್ಚಿ ಹಿಡಿದು ಖಾಲಿ ಪರದೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಕಾರ್ಯದರ್ಶಿ ಒಳ್ಳೆಯವನು, ಓಡಾಡಿ ಎಲ್ಲಿಂದಲೋ ನಾಲ್ಕು ಚಾರ್ಜರ್ ಹೊಂದಿಸಿ ತಂದ. ಒಂದರ ಪಿನ್ನು ದಪ್ಪ, ಒಂದರದು ಸಣ್ಣ, ಒಂದು ಚಪ್ಪಟೆ. ನಾಲ್ಕನೆಯದು ಸರಿಯಾಗಿ ಒಳಗೆ ಹೋಯಿತು. ಎದೆ ಹಗುರಾಯಿತು ಎನ್ನುವಷ್ಟರಲ್ಲಿ "ಈ ಚಾರ್ಜರನ್ನು ಗುರುತಿಸಲಾಗುತ್ತಿಲ್ಲ" ಎಂದು ಪರದೆಯ ಮೇಲೆ ಬಂತು. ಗುರುತಿಸಲು ಇದೇನು ಮದುವೆಗೆ ಗಂಡು ನೋಡುವುದೇ? ಕರೆಂಟು ಒಂದೇ, ಗೋಡೆ ಒಂದೇ, ಇವರಿಗೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ತೂತು.

"ಅಂಗಡಿ?" ಎಂದೆ.

"ಭಾನುವಾರ ಅಲ್ವಾ ಮೇಡಂ. ಮೊಬೈಲಲ್ಲಿ ಟೈಪ್ ಮಾಡೋಕಾಗಲ್ವಾ?"

ಮೊಬೈಲಿನ ಗಾಜಿನ ಮೇಲೆ ಒಂದು ವಾಕ್ಯ ಒತ್ತುವಷ್ಟರಲ್ಲಿ ಮಾತಾಡುವವರು ಮೂರು ವಾಕ್ಯ ಮುಂದಿರುತ್ತಾರೆ ಎಂದು ಅವನಿಗೆ ವಿವರಿಸುವ ತಾಳ್ಮೆ ನನಗೆ ಉಳಿದಿರಲಿಲ್ಲ. ಅಮ್ಮನ ಕಡೆ ತಿರುಗಿದೆ. ಅಷ್ಟು ಜನರ ಮುಂದೆ ಬಾಯಿಗೆ ಬಂದಂತೆ ಅಂದುಬಿಟ್ಟೆ.

"ನಿಂಗೆ ಎಷ್ಟು ಸಲ ಹೇಳ್ಬೇಕು? ಒಂದು ವಸ್ತು ಬಿಟ್ಟಿದೀಯಾ ನೀನು? ಎಲ್ಲ ಸುತ್ತಬೇಕು, ಎಲ್ಲ ಜಗ್ಗಬೇಕು! ನಿನಗೋಸ್ಕರ ಬಂದ್ರೆ ನೀನೇ ಹಾಳು ಮಾಡಿದೆ!"

ಎಷ್ಟು ಹಿಡಿದಳೋ ಗೊತ್ತಿಲ್ಲ, ಕಡೆಯದನ್ನಂತೂ ಹಿಡಿದಳು. ಅವಳ ಮುಖ ಸಣ್ಣದಾಯಿತು. ನನ್ನ ಕೈಯಿಂದ ವೈರು ತೆಗೆದುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ಕುತ್ತಿಗೆಯನ್ನು ಮೆಲ್ಲಗೆ ಉರುಳಿಸಿದಳು. ಓಡುವ ನೂಲಿನಲ್ಲಿ ಕಡಿದ ಎಳೆಯನ್ನು ಹೀಗೇ ಹುಡುಕುತ್ತಿದ್ದಳಂತೆ.

"ಇಲ್ಲಿ ಕಡಿದಿದೆ. ಎರಡು ಎಳೆ ಉಳಿದಿದೆ."

ಒತ್ತಿ, ಒಂಚೂರು ಓರೆ ಮಾಡಿ ಹಿಡಿದಳು. ದೀಪ ಹತ್ತಿತು. ನಾನು ಅಲ್ಲಿ ಟೇಪು ಸುತ್ತಿದೆ, ಆರಿತು. ರಬ್ಬರ್ ಬ್ಯಾಂಡು ಹಾಕಿದೆ, ಆರಿತು. ಅಮ್ಮನ ಬೆರಳು ಬಂದರೆ ಮಾತ್ರ ಹತ್ತುತ್ತಿತ್ತು.

"ನಾನು ಹಿಡ್ಕೊಂಡು ಕೂರ್ತೀನಿ. ನೀನು ಶುರು ಮಾಡು," ಎಂದು ಒಂದು ಗಿಡ್ಡ ಸ್ಟೂಲು ಎಳೆದುಕೊಂಡು ನನ್ನ ಮೇಜಿನ ಪಕ್ಕ ಕೂತಳು, ಕಣ್ಣನ್ನು ದೀಪದ ಮೇಲೆ ನೆಟ್ಟಳು. ಸದ್ಯ ಕೆಲಸ ನಡೆಯಿತಲ್ಲ ಎಂದು ನಾನು ಬೆರಳು ಕೀಲಿಮಣೆಗೆ ಇಟ್ಟೆ. ಬೇರೆ ಏನೂ ನನಗೆ ಹೊಳೆಯಲಿಲ್ಲ.

ಕೂಟ ಚೆನ್ನಾಗಿಯೇ ನಡೆಯಿತು. ಮೇಲ್ವಿಚಾರಕನನ್ನು ಗೋಣಿಚೀಲದೊಳಗೆ ಬಚ್ಚಿಟ್ಟ ಕಥೆಯನ್ನು ಒಬ್ಬಳು ಹೇಳಿದಾಗ ಮೂವತ್ತಮೂರು ಹೆಂಗಸರು ಒಟ್ಟಿಗೇ ನಕ್ಕರು. ಅಷ್ಟು ಜನಕ್ಕೆ ಒಂದೇ ಮಾತು ಒಂದೇ ಹೊತ್ತಿಗೆ ತಲುಪಿದ್ದು ಅದೇ ಮೊದಲಿರಬೇಕು. ಇನ್ನೊಬ್ಬಳು ಕಿವಿ ಪರೀಕ್ಷೆಯ ಗುಟ್ಟು ಬಿಚ್ಚಿದಳು. ಆರು ತಿಂಗಳಿಗೊಮ್ಮೆ ಪರೀಕ್ಷೆ, ಕೇಳಿಸದವರನ್ನು ಯಂತ್ರದಿಂದ ಎಬ್ಬಿಸಿ ಕಸ ಗುಡಿಸಲು ಹಾಕುತ್ತಿದ್ದರು. ಅದಕ್ಕೆ ಹೆಂಗಸರೆಲ್ಲ ಪರೀಕ್ಷೆ ಮಾಡುವವನ ಬೆರಳನ್ನು ಓರೆಗಣ್ಣಲ್ಲಿ ನೋಡಿ, ಅವನು ಗುಂಡಿ ಒತ್ತಿದಾಗಲೆಲ್ಲ ಕೈ ಎತ್ತುತ್ತಿದ್ದರಂತೆ. ಕಿವಿ ಹೋದದ್ದನ್ನು ಪಕ್ಕದವಳಿಗೂ ಹೇಳುತ್ತಿರಲಿಲ್ಲವಂತೆ. ಇದೆಲ್ಲ ಬೇರೆಯವರು ಆಮೇಲೆ ನನಗೆ ಹೇಳಿದ್ದು. ಟೈಪ್ ಮಾಡುವಾಗ ನನ್ನ ಗಮನವೆಲ್ಲ ಬ್ಯಾಟರಿಯ ಗುರುತಿನ ಮೇಲಿತ್ತು. ಅಮ್ಮನ ಕೈ ಎರಡು ಸಲ ಸೋತಿತು, ದೀಪ ಆರಿತು, ನಾನು ಕಾಲಲ್ಲಿ ಸ್ಟೂಲು ತಟ್ಟಿದೆ. ಅವಳು ಬೆರಳು ಬದಲಿಸಿ ಮತ್ತೆ ಹಿಡಿದಳು.

ಕೊನೆಗೆ ಉದ್ದಜಡೆ ಎದ್ದಳು. ಜಡೆ ಈಗ ಮೋಟುಗೂದಲಾಗಿತ್ತು. ಎರಡು ನಿಮಿಷ ಮಾತಾಡಿದಳು. ನಡುವೆ ಒಂದು ಕಡೆ ಯಾರ ದನಿಯೂ ಬರಲಿಲ್ಲ. ನಮ್ಮ ಕಸುಬಿನಲ್ಲಿ ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಓದುವವರು ಪರದೆ ಕೆಟ್ಟಿತು ಅಂದುಕೊಳ್ಳುತ್ತಾರೆ. (ಮೌನ) ಎಂದು ಬರೆದೆ, ಬ್ಯಾಟರಿ ನೋಡಿದೆ. ತಲೆ ಎತ್ತಲಿಲ್ಲ.

ಸಭೆ ಮುಗಿದದ್ದೇ ತಡ, ಮೇಜು ಊಟಕ್ಕೆ ಬೇಕೆಂದು ಲ್ಯಾಪ್‌ಟಾಪ್ ಎತ್ತಿಸಿದರು. ಅಮ್ಮ ಮರಗಟ್ಟಿದ ಬೆರಳನ್ನು ಉಜ್ಜಿಕೊಳ್ಳುತ್ತ ಎದ್ದಳು, ಕುರ್ಚಿಗಳ ಕಡೆ ನೋಡಿದಳು. ಉದ್ದಜಡೆ ಇರಲಿಲ್ಲ, ಊಟಕ್ಕೂ ನಿಲ್ಲದೆ ಹೋಗಿದ್ದಳು.

"ಏನಂದ್ಲು?"

ನೆನಪಿದ್ದರೆ ತಾನೇ ಹೇಳುವುದು? ತಲೆ ಸಿಡಿಯುತ್ತಿತ್ತು, ಹೊಟ್ಟೆ ಹಸಿದಿತ್ತು.

"ಮನೆಗೆ ಹೋಗಿ ಹೇಳ್ತೀನಿ ಬಿಡು," ಎಂದುಬಿಟ್ಟೆ.

ಅಮ್ಮ ಮತ್ತೆ ಕೇಳಲಿಲ್ಲ. ಊಟದ ಹೊತ್ತಿಗೆ ಹಳೆಯ ಗೆಳತಿಯರು ಅವಳನ್ನು ಒಂಥರಾ ನೋಡುತ್ತಿದ್ದರು, ಇಬ್ಬರು ಮುಖ ತಿರುಗಿಸಿದರು. ಕೈ ತೊಳೆಯುವಾಗ ಕಾರ್ಯದರ್ಶಿ ನನ್ನ ಪಕ್ಕ ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಅಲ್ಲ ಮೇಡಂ, ಅಷ್ಟು ಕೇಳ್ಕೊಂಡ್ರೂ ನಿಮ್ಮಮ್ಮ ಒಂದ್ಸಲ ತಲೆ ಎತ್ತಲಿಲ್ವಲ್ಲ. ಅಷ್ಟು ಕಲ್ಲು ಮನಸ್ಸಾ?"

ಆಗ ಹೊಳೆಯಿತು. ಅಮ್ಮ ಕೂತಿದ್ದ ಸ್ಟೂಲು ಪರದೆಗೆ ಬೆನ್ನು ಹಾಕಿತ್ತು. ಎರಡು ಗಂಟೆ ಅವಳು ನೋಡಿದ್ದು ಆ ಸಾಸಿವೆಯಷ್ಟು ದೀಪವನ್ನು. ಸಭೆಯಲ್ಲಿ ಒಂದಕ್ಷರವೂ ಓದದೆ ಎದ್ದವಳು ಅವಳೊಬ್ಬಳೇ, ಅವಳನ್ನು ಅಲ್ಲಿ ಕೂರಿಸಿ ಸ್ಟೂಲು ತಟ್ಟುತ್ತಿದ್ದವಳು ನಾನು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲು, "ಅಮ್ಮ, ಅವಳು ಅಂದದ್ದು..." ಎಂದು ಶುರು ಮಾಡಿದೆ. ಕಾರ್ಯದರ್ಶಿಯಿಂದ ಅಷ್ಟಿಷ್ಟು ಕೇಳಿಕೊಂಡಿದ್ದೆ.

ಅಮ್ಮ ಕೈ ಅಡ್ಡ ಹಿಡಿದಳು. "ನೀನು ಹೇಳೋದು ಬೇಡ. ಓದ್ತೀನಿ. ಪೂರ್ತಿ ಇರುತ್ತೆ ಅಂದಿದ್ಯಲ್ಲ?"

ಪೂರ್ತಿ ಇತ್ತು, ಪ್ರಾಣವಿಲ್ಲದ ಲ್ಯಾಪ್‌ಟಾಪಿನೊಳಗೆ. ಅಡುಗೆಮನೆಯ ಮೇಜಿನ ಮೇಲೆ ಇಟ್ಟು ಇಟ್ಟಿಗೆಯನ್ನು ಗೋಡೆಗೆ ಚುಚ್ಚಿದೆ. ಹಿಡಿಯಲು ಅಮ್ಮ ಕೈ ಚಾಚಿದಳು.

"ನೀನು ಓದು. ನಾನು ಹಿಡೀತೀನಿ," ಎಂದೆ.

ನನ್ನಿಂದ ಆಗಬೇಕಲ್ಲ! ಒತ್ತಿದೆ, ಹತ್ತಿತು. ಯಂತ್ರ ಶುರುವಾಗಿ ಕಂಪನಿಯ ಹೆಸರು ತೋರಿಸುವಷ್ಟರಲ್ಲಿ ಬೆರಳು ಕೂದಲೆಳೆಯಷ್ಟು ಜಾರಿತು, ಆರಿತು. ಎರಡನೇ ಸಲ ಪಾಸ್‌ವರ್ಡಿನ ತನಕ ಬಂದು ಆರಿತು. ಮೂರನೇ ಸಲಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು, ದುಃಖಕ್ಕೋ ಸಿಟ್ಟಿಗೋ ಗೊತ್ತಿಲ್ಲ. ಈ ದರಿದ್ರ ಪಿನ್ನಿಗೆ ಒಂದು ಗಟ್ಟಿ ಕುತ್ತಿಗೆ ಕೊಟ್ಟಿದ್ದರೆ ಅವರ ಗಂಟು ಏನು ಹೋಗುತ್ತಿತ್ತು? ಎರಡು ಗಂಟೆ ಅಮ್ಮ ಇದನ್ನು ಹೇಗೆ ಹಿಡಿದಿದ್ದಳು? ಅಮ್ಮ ನನ್ನ ಹೆಬ್ಬೆರಳನ್ನು ತಾನೇ ಹಿಡಿದು ಸರಿಯಾದ ಜಾಗದಲ್ಲಿ ಕೂರಿಸಿದಳು.

"ಒತ್ತಬೇಡ. ಸುಮ್ಮನೆ ಇಟ್ಕೋ. ಉಸಿರು ಬಿಡು."

ತೆರೆಯಿತು. ನಾನು ದೀಪ ನೋಡುತ್ತ ಕೂತೆ. ಅಮ್ಮ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಉದ್ದಜಡೆಯ ಮಾತನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ.

"ನಂಗೆ ಭಾಷಣ ಬರಲ್ಲ. ಬಿಗಿಗೈ ಬಂದಿದಾಳೆ, ಅವಳಿಗೆ ಒಂದು ಮಾತು. ಕಡೇ ದಿನ ಗೇಟಲ್ಲಿ ನಿಂತು ನಿನ್ನ ಮೂರು ಸಲ ಕರೆದೆ ಕಣೇ. ನೀನು ತಿರುಗದೆ ಹೋದೆ. ಜಂಭ ಅಂದ್ಕೊಂಡೆ. ನಂಗೂ ಆಗಲೇ ಅರ್ಧ ಕಿವಿ ಹೋಗಿತ್ತು, ಯಾರಿಗೂ ಹೇಳಿರಲಿಲ್ಲ. ಈಗ ಪೂರ್ತಿ ಹೋಗಿದೆ. ಮೊಮ್ಮಗಳು ಕರೆದ್ರೆ ನಾನೇ ತಿರುಗಲ್ಲ, ಅದು ಮುನಿಸ್ಕೊಳ್ಳುತ್ತೆ. ಅದನ್ನ ನೋಡಿ ಹೊಳೀತು, ನಿಂಗೂ ಅವತ್ತು ಕೇಳಿಸ್ಲಿಲ್ವೇನೋ ಅಂತ. ಹಾಗೇ ಆಗಿದ್ರೆ ಬಾಯಿ ಬಿಟ್ಟು ಏನೂ ಹೇಳ್ಬೇಡ. ಈಗಂತೂ ಗೋಡೆ ಮೇಲೆ ಓದ್ತಾ ಇದೀಯಲ್ಲ, ಒಂದ್ಸಲ ನನ್ನ ಕಡೆ ತಿರುಗಿ ನೋಡು, ಸಾಕು."

ಅಮ್ಮನ ಬೆರಳು ಮುಂದಿನ ಸಾಲಿನ ಮೇಲೆ ನಿಂತಿತು.

"ಮೌನ ಅಂತ ಬರ್ದಿದೀಯ. ಇದೇನು?"

"ಯಾರೂ ಮಾತಾಡಲಿಲ್ಲ ಅಂತ."

"ಎಷ್ಟು ಹೊತ್ತು?"

ಪ್ರತಿ ಸಾಲಿನ ಪಕ್ಕ ಯಂತ್ರವೇ ಸಮಯ ಬರೆದಿರುತ್ತದೆ. ನೋಡಿ ಹೇಳಿದೆ. "ಇಪ್ಪತ್ತೆರಡು ಸೆಕೆಂಡು."

"ಅಷ್ಟು ಹೊತ್ತು ಕಾದು ನಿಂತಿದ್ಲಾ?"

ಮೌನದ ಕೆಳಗೆ ಕೊನೆಯ ಸಾಲಿತ್ತು: "ಸರಿ. ಬಿಡು." ಅದನ್ನು ಅಮ್ಮ ಗಟ್ಟಿಯಾಗಿ ಓದಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವಳಿಗೂ ಕೇಳಿಸ್ತಿರಲಿಲ್ಲ," ಎಂದಳು. "ನಾನು ಹೇಳಿದ್ದು ಅವಳಿಗೆ ಕೇಳಿಸೇ ಇಲ್ಲ. ಇಬ್ಬರೂ ಕಳ್ಳಿಯರು."

ಎದ್ದು ಚಪ್ಪಲಿ ಮೆಟ್ಟಿದಳು. "ನಡಿ. ಅದನ್ನೂ ತಗೋ. ಅವಳಿಗೂ ಕೇಳಲ್ಲ, ನಂಗೂ ಕೇಳಲ್ಲ, ನೀನು ಟೈಪ್ ಮಾಡದೆ ಹೇಗೆ ಮಾತಾಡೋದು?"

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ನಾನು ವೈರು ಬಿಡಿಸುವಷ್ಟರಲ್ಲಿ ಅಮ್ಮ ನನ್ನ ಬೆರಳಿನಡಿಯಿಂದಲೇ ಕುತ್ತಿಗೆಯನ್ನು ತನ್ನ ಬೆರಳಿಗೆ ತೆಗೆದುಕೊಂಡಿದ್ದಳು. ಸುತ್ತಲಿಲ್ಲ. ಚೀಲಕ್ಕೂ ಹಾಕಗೊಡಲಿಲ್ಲ. "ಬಿಟ್ರೆ ಆ ಜಾಗ ಮತ್ತೆ ಸಿಗಲ್ಲ," ಎಂದಳು. ಹೀಗೆ ಅವಳು ಪಿನ್ನು ಹಿಡಿದು ಮುಂದೆ, ನಾನು ಇಟ್ಟಿಗೆಯನ್ನೂ ಪ್ಲಗ್ಗನ್ನೂ ಅವುಚಿಕೊಂಡು ಹಿಂದೆ, ನಡುವೆ ಜೋತಾಡುವ ಎರಡು ಮಾರು ವೈರು. ಅವಳು ಬೇಗ ನಡೆದರೆ ನಾನೂ ಬೇಗ ನಡೆಯಬೇಕು. ಬೀದಿಯ ಜನವೆಲ್ಲ ನಮ್ಮನ್ನೇ ನೋಡಿದರು. ಹತ್ತೊಂಬತ್ತು ವರ್ಷ ತಪ್ಪಿಸಿದ ಬೀದಿಗೆ ಅಮ್ಮ ಸುತ್ತುಬಳಸದೆ ನೇರ ಹೊಕ್ಕಳು.

ಉದ್ದಜಡೆಯ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಒಳಗೆ ಬಾಗಿಲಿಗೆ ಬೆನ್ನು ಹಾಕಿ ಕೂತು ಬಟ್ಟೆ ಮಡಚುತ್ತಿದ್ದಳು. ಅಮ್ಮ ಹೊಸ್ತಿಲಲ್ಲಿ ನಿಂತು ಕರೆದಳು.

"ಉದ್ದಜಡೇ."

ಬೆನ್ನು ಅಲುಗಲಿಲ್ಲ. ಇನ್ನೊಮ್ಮೆ ಕರೆದಳು, ಮತ್ತೊಮ್ಮೆ ಕರೆದಳು. ಮೂರನೆಯ ಸಲ ಇಡೀ ಬೀದಿಗೇ ಕೇಳಿಸುವಂತೆ ಕರೆದಳು. ಆಮೇಲೆ ನಡೆದು ಹೋಗಿ, ವೈರು ಬಿಟ್ಟು, ಎರಡೂ ಕೈಯನ್ನು ಅವಳ ಹೆಗಲ ಮೇಲೆ ಇಟ್ಟಳು.

ಅವಳು ಹೋದ ರಭಸಕ್ಕೆ ವೈರು ಜಗ್ಗಿ ಇಟ್ಟಿಗೆ ನನ್ನ ಕೈಯಿಂದ ಜಾರಿ ಕಲ್ಲುನೆಲದ ಮೇಲೆ ಧಡಾರನೆ ಬಿತ್ತು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಒಳಗಿದ್ದ ಇಬ್ಬರೂ ಈ ಕಡೆ ತಿರುಗಲಿಲ್ಲ. ಕಡಿದ ಜಾಗ ಮತ್ತೆ ತಪ್ಪಿಹೋಗಿತ್ತು, ಇನ್ನು ನಾನೇ ಹುಡುಕಬೇಕು. ಆ ಹಾಳು ಇಟ್ಟಿಗೆಯನ್ನು ಎತ್ತಿಕೊಂಡು ಗೋಡೆಯಲ್ಲಿ ಸಾಕೆಟ್ಟು ಎಲ್ಲಿದೆ ಎಂದು ನೋಡತೊಡಗಿದೆ.